ನಾಚಾರಂನ ಹುಡುಗರಿಗೆ ಸಂಜೆಯ ದವಾಖಾನೆ ಬೇಕು

ರಾತ್ರಿ ಒಂಬತ್ತರ ಮೇಲೆ ನನ್ನ ಔಷಧ ಅಂಗಡಿಗೆ ಬರುವ ಹುಡುಗರಲ್ಲಿ ಒಂದು ಬಗೆಯವರನ್ನು ನಾನು ದೂರದಿಂದಲೇ ಗುರುತು ಹಿಡಿಯಬಲ್ಲೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರೆ ಅವರು ಮೆಟ್ಟಿಲು ಹತ್ತುವುದಿಲ್ಲ. ಎದುರಿನ ಪಾನ್ ಡಬ್ಬಾದ ಹತ್ತಿರ ಮೊಬೈಲ್ ನೋಡುತ್ತ ನಿಂತಿರುತ್ತಾರೆ. ಜನ ಕರಗಿದ ಮೇಲೆ ಬಂದು ಮೊದಲು ತಲೆನೋವಿನ ಗುಳಿಗೆ ಕೇಳುತ್ತಾರೆ. ಅದನ್ನು ಜೇಬಿಗೆ ಹಾಕಿಕೊಂಡು, ಹೊರಟವರಂತೆ ಎರಡು ಹೆಜ್ಜೆ ಹೋಗಿ, ತಿರುಗಿ ನಿಂತು, ನಿದ್ದೆಗೆ ಏನಾದರೂ ಇದೆಯೇ ಎಂದು ಕೇಳುತ್ತಾರೆ. ಅವರು ಬಂದದ್ದು ಆ ಎರಡನೆಯ ಮಾತಿಗಾಗಿ.

ನಿದ್ದೆಯ ಗುಳಿಗೆಯನ್ನು ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಅಲ್ಪ್ರಜೋಲಮ್, ಡಯಾಜೆಪಾಮ್, ಜೋಲ್ಪಿಡೆಮ್ ಮುಂತಾದವು 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಯಾವ ಔಷಧ, ಎಷ್ಟು ಕೊಟ್ಟೆವು ಎಂಬುದನ್ನೆಲ್ಲ ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಈ ಕಾನೂನು ಸರಿಯಾಗಿದೆ, ನಾನು ಅದನ್ನು ಪಾಲಿಸುತ್ತೇನೆ. ಆದರೆ ‘ಕೊಡಲು ಬರುವುದಿಲ್ಲ’ ಎಂದ ಮೇಲೆ ಆ ಹುಡುಗನನ್ನು ಎಲ್ಲಿಗೆ ಕಳಿಸಬೇಕು? ರಾತ್ರಿ ಒಂಬತ್ತರ ಮಾತು ಹಾಗಿರಲಿ, ಸಂಜೆ ಆರಕ್ಕೆ, ನಡೆದು ಹೋಗುವಷ್ಟು ದೂರದಲ್ಲಿ, ದುಡ್ಡಿಲ್ಲದೆ ಅವನ ಮಾತು ಕೇಳುವ ಒಂದು ಸರ್ಕಾರಿ ಕುರ್ಚಿ ಎಲ್ಲಿದೆ? ವರ್ಷಗಳಿಂದ ನನ್ನನ್ನು ಕಾಡುತ್ತಿರುವುದು ಇದೊಂದೇ ಪ್ರಶ್ನೆ.

ನಾನು ಚಿತ್ತಾಪುರ ಕಡೆಯವನು. ಫಾರ್ಮಸಿ ಓದಿ, ಬೇರೆಯವರ ಅಂಗಡಿಗಳಲ್ಲಿ ದುಡಿದು, ಕೊನೆಗೆ ನಾಚಾರಂನಲ್ಲಿ ಸ್ವಂತ ಅಂಗಡಿ ಇಟ್ಟವನು. ಹೈದರಾಬಾದನ್ನು ಬರೀ ಹೈಟೆಕ್ ಸಿಟಿ ಎಂದು ತಿಳಿದವರು ಈ ಭಾಗ ನೋಡಿರುವುದಿಲ್ಲ. ತಾರ್ನಾಕಾ, ಹಬ್ಸಿಗುಡಾ ದಾಟಿದ ಮೇಲೆ ಸಿಗುವ ಕೈಗಾರಿಕಾ ಪ್ರದೇಶ ಇದು. ಸಾಲು ಸಾಲು ಕಾರ್ಖಾನೆಗಳ ಶೆಡ್ಡು, ಕಾರ್ಮಿಕರ ಇಎಸ್‌ಐ ಆಸ್ಪತ್ರೆ, ದೊಡ್ಡ ಫೀಸಿನ ಶಾಲೆಗಳು, ಅವುಗಳ ಹಿಂದಿನ ಗಲ್ಲಿಗಳಲ್ಲಿ ಬಾಡಿಗೆ ಖೋಲಿಗಳು, ಹಾಸ್ಟೆಲ್ಲುಗಳು. ಉಸ್ಮಾನಿಯಾ ವಿಶ್ವವಿದ್ಯಾಲಯ ಹತ್ತಿರವಿರುವುದರಿಂದ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರೂ ಇಲ್ಲಿ ಉಳಿಯುತ್ತಾರೆ. ವಾಡಿ, ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಬರುವ ರೈಲು ಕಲಬುರಗಿ, ಯಾದಗಿರಿ ಕಡೆಯ ಹುಡುಗರನ್ನು ಸಿಕಂದರಾಬಾದಿನಲ್ಲಿ ಇಳಿಸುತ್ತದೆ, ಬೀದರಿನವರು ಬಸ್ಸಿನಲ್ಲಿ ಬರುತ್ತಾರೆ. ನನ್ನ ಅಂಗಡಿಯ ಬೋರ್ಡಿನಲ್ಲಿ ತೆಲುಗು, ಇಂಗ್ಲಿಷ್ ಜೊತೆ ಒಂದು ಸಾಲು ಕನ್ನಡವೂ ಇದೆ. ಅದನ್ನು ಓದಿಯೇ ಒಳಗೆ ಬರುವವರು ಹಲವರು.

ಅಂಥ ಒಬ್ಬನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಯಾದಗಿರಿ ಜಿಲ್ಲೆಯ ಹುಡುಗ, ಇಪ್ಪತ್ತೆರಡರ ಆಸುಪಾಸು. ಬಿ.ಎ. ಮುಗಿಸಿ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಕಾನ್‌ಸ್ಟೇಬಲ್ ಪರೀಕ್ಷೆಗೂ ಓದುತ್ತಿದ್ದ. ಖೋಲಿಯಲ್ಲಿ ಆರು ಜನ.

“ಅಣ್ಣಾರ, ನಿದ್ದಿ ಹತ್ತವಲ್ದುರಿ. ಏನರೆ ಗುಳಿಗಿ ಕೊಡ್ರಿ” ಅಂದ.

“ಚೀಟಿ ಇಲ್ದ ಆ ಗುಳಿಗಿ ಕೊಡ್ಲಿಕ್ಕ ಬರಂಗಿಲ್ಲ ತಮ್ಮಾ. ಎಷ್ಟ್ ದಿನ ಆತು ಹಿಂಗ?”

“ದೀಪಾವಳಿ ಆದಾಗಿಂದ.”

ಆಗ ಸಂಕ್ರಾಂತಿ ಮುಗಿದಿತ್ತು. ಊಟ ಮಾಡುತ್ತೀಯಾ ಎಂದರೆ, ಮಾಡುತ್ತೇನೆ, ಆದರೆ ರುಚಿ ತಿಳಿಯುವುದಿಲ್ಲ ಅಂದ. ಊರಿನಿಂದ ಅವ್ವ ಫೋನ್ ಮಾಡಿದರೆ ಪಾಳಿಯಲ್ಲಿದ್ದೇನೆ ಎಂದು ಕಟ್ ಮಾಡುತ್ತಿದ್ದ. ಪುಸ್ತಕ ತೆರೆದರೆ ಅದೇ ಪುಟ ಮತ್ತೆ ಮತ್ತೆ ಓದುತ್ತಿದ್ದನಂತೆ. ಇದನ್ನೆಲ್ಲ ಹೇಳುವಾಗ ಅವನ ಕೈ ಗಾಜಿನ ಕೌಂಟರಿನ ಅಂಚನ್ನು ಬಿಟ್ಟಿರಲಿಲ್ಲ.

ನಾನು ವೈದ್ಯನಲ್ಲ. ಆದರೂ ಇದು ಬರೀ ನಿದ್ದೆಯ ತೊಂದರೆ ಅಲ್ಲ ಎಂಬಷ್ಟು ತಿಳಿಯಿತು. ಒಪ್ಪಿಸಿ, ನಗರದ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಒಂದು ದಿನದ ಕೂಲಿ ಬಿಟ್ಟು ಹೋದ, ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತ, ವೈದ್ಯರು ಕೆಲವು ನಿಮಿಷ ಮಾತಾಡಿಸಿ ಎಸ್ಸಿಟಲೊಪ್ರಾಮ್ ಬರೆದರು. ಅವರ ಎದುರಿಗಿದ್ದ ಸಾಲನ್ನು ನೋಡಿದರೆ ಅದಕ್ಕಿಂತ ಹೆಚ್ಚು ಹೊತ್ತು ಕೊಡಲು ಯಾರಿಂದಲೂ ಆಗದು. ಔಷಧ ಸರಿಯಾಗಿಯೇ ಇತ್ತು. ಅಲ್ಲಿ ಆ ದಿನ ದಾಸ್ತಾನು ಇಲ್ಲದ್ದರಿಂದ ನನ್ನಲ್ಲೇ ಕೊಂಡ. ಮುಂದಿನ ಭೇಟಿ ಒಂದು ತಿಂಗಳಿಗೆ.

ಹತ್ತು ದಿನದೊಳಗೆ ಅವನು ಮತ್ತೆ ಬಂದ. ಕೈಯಲ್ಲಿ ಮುಕ್ಕಾಲು ಪಾಲು ಉಳಿದ ಗುಳಿಗೆಗಳು. “ಇವು ವಾಪಸ್ ತಗೋತೀರೇನ್ರಿ?” ಎಂದು ಕೇಳಿದ. ನುಂಗಿದಾಗಿನಿಂದ ಹೊಟ್ಟೆ ತೊಳೆಸುತ್ತದೆ, ಒಳಗೊಳಗೇ ಚಡಪಡಿಕೆ, ನಿದ್ದೆ ಇನ್ನೂ ಕೆಟ್ಟಿದೆ, ಇದು ನನಗಾಗುವ ಔಷಧ ಅಲ್ಲ ಎಂದು ತಾನೇ ತೀರ್ಮಾನಿಸಿ ನಿಲ್ಲಿಸಿಬಿಟ್ಟಿದ್ದ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುವಜನರ ಮಾನಸಿಕ ಆರೋಗ್ಯ ಸೇವೆ ಎಲ್ಲಿ ಸೋಲುತ್ತಿದೆ ಎಂಬುದು ಈ ಗುಳಿಗೆಗಳ ನಡವಳಿಕೆಯಲ್ಲೇ ಕಾಣುತ್ತದೆ. ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಮ್, ಫ್ಲುಆಕ್ಸೆಟಿನ್ ಮುಂತಾದ ಔಷಧಗಳು ಜ್ವರದ ಗುಳಿಗೆಯಂತೆ ಅಂದೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆದರೆ ಅಡ್ಡಪರಿಣಾಮಗಳು ಮೊದಲ ದಿನಗಳಲ್ಲೇ ಬರುತ್ತವೆ: ವಾಕರಿಕೆ, ತಲೆಭಾರ, ಚಡಪಡಿಕೆ. ಬಹಳ ಮಂದಿಯಲ್ಲಿ ಅವು ಒಂದೆರಡು ವಾರದಲ್ಲಿ ತಗ್ಗುತ್ತವೆ. ಅಂದರೆ ಕಷ್ಟ ಮೊದಲು, ಗುಣ ಆಮೇಲೆ. ಇದನ್ನು ಮುಂಚೆಯೇ ಯಾರಾದರೂ ಕೂತು ಹೇಳದಿದ್ದರೆ, ಯಾವ ಹುಡುಗನೂ ಎರಡನೆಯ ವಾರದವರೆಗೆ ನುಂಗುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದದ್ದು. ಈ ಔಷಧಗಳು ಶುರುವಾದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಲ್ಲಿ, ಎಳೆಯ ವಯಸ್ಸಿನವರಲ್ಲಿ ಸಾಯುವ ಯೋಚನೆ ಹೆಚ್ಚಬಹುದು, ಅವರನ್ನು ಹತ್ತಿರದಿಂದ ಗಮನಿಸಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಹೊರಡಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಇದು ಔಷಧ ಬೇಡ ಎನ್ನುವ ಮಾತಲ್ಲ. ಔಷಧದಿಂದ ಬದುಕು ಮರಳಿ ಹಿಡಿದವರನ್ನು ನನ್ನ ಕೌಂಟರಿನಲ್ಲೇ ಕಂಡಿದ್ದೇನೆ, ಯಾರೂ ವೈದ್ಯರನ್ನು ಕೇಳದೆ ತಾವಾಗಿ ನಿಲ್ಲಿಸಬಾರದು. ಎಚ್ಚರಿಕೆಯ ಅರ್ಥ ಇಷ್ಟು: 25ರೊಳಗಿನವರಿಗೆ ಮೊದಲ ತಿಂಗಳು ಅತಿ ಹೆಚ್ಚು ಆಸರೆ ಬೇಕು. ನಮ್ಮ ಸರ್ಕಾರಿ ವ್ಯವಸ್ಥೆ ಸಾಮಾನ್ಯವಾಗಿ ಆ ತಿಂಗಳಲ್ಲೇ ಅವರನ್ನು ಪೂರ್ತಿ ಒಂಟಿ ಬಿಡುತ್ತದೆ. ಚೀಟಿ ಕೊಟ್ಟು, ತಿಂಗಳ ಮೇಲೆ ಬಾ ಎನ್ನುತ್ತದೆ. ಮೂರನೆಯ ದಿನ, ಏಳನೆಯ ದಿನ ಒಂದು ಫೋನ್ ಬಂದಿದ್ದರೆ ಆ ಹುಡುಗ ಗುಳಿಗೆ ವಾಪಸ್ ತರುತ್ತಿರಲಿಲ್ಲ.

ದೂರದ ಲೆಕ್ಕವನ್ನೂ ನೋಡಿ. ನಗರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಇರುವುದು ಎರ್ರಗಡ್ಡದಲ್ಲಿ. ನಿಜಾಮರ ಕಾಲದಲ್ಲಿ ಜಾಲ್ನಾದಲ್ಲಿದ್ದ ಆಸ್ಪತ್ರೆ ಅದು. 1953ರಲ್ಲಿ ಎರ್ರಗಡ್ಡಕ್ಕೆ ಬಂದಾಗ ಕಲಬುರಗಿ, ಬೀದರ, ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಹಾಗಾಗಿ ಅದು ನಮ್ಮ ಅಜ್ಜಂದಿರ ಆಸ್ಪತ್ರೆಯೂ ಹೌದು. ನಾಚಾರಂನಿಂದ ಹೋಗಬೇಕೆಂದರೆ ಆಟೋ ಹಿಡಿದು ಹಬ್ಸಿಗುಡಾ ಮೆಟ್ರೊ ನಿಲ್ದಾಣ, ಅಲ್ಲಿಂದ ಅಮೀರ್‌ಪೇಟೆ, ಅಲ್ಲಿ ಗಾಡಿ ಬದಲಿಸಿ ಮೂರನೆಯ ನಿಲ್ದಾಣ. ದಾರಿ ಕಷ್ಟದ್ದಲ್ಲ. ಕಷ್ಟ ಇರುವುದು ಹೊತ್ತಿನಲ್ಲಿ. ಸರ್ಕಾರಿ ಆಸ್ಪತ್ರೆಯ ಓಪಿ ಎಂದರೆ ಬೆಳಗಿನ ಹೊತ್ತು. ಗುತ್ತಿಗೆ ಹುಡುಗನಿಗೆ ಬೆಳಿಗ್ಗೆ ಎಂದರೆ ಒಂದು ದಿನದ ಹಾಜರಿ. ತಿಂಗಳಿಗೆ ಎರಡು ಸಲ ಹಾಜರಿ ತಪ್ಪಿದರೆ ಮೇಸ್ತ್ರಿ ಕಾರಣ ಕೇಳುತ್ತಾನೆ. ಏನೆಂದು ಹೇಳುವುದು? ಎರ್ರಗಡ್ಡ ಎಂಬ ಹೆಸರೇ ಇಲ್ಲಿ ಬೈಗುಳ. ಉತ್ತರ ಕರ್ನಾಟಕದಲ್ಲಿ ಮಾನಸಿಕ ಆಸ್ಪತ್ರೆಯಿರುವ ಧಾರವಾಡದ ಹೆಸರನ್ನು, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರನ್ನು ಹೇಗೆ ಬಳಸುತ್ತಾರೋ ಹಾಗೆ. ಸಾವಿರಾರು ಜನರನ್ನು ಗುಣಪಡಿಸಿದ ಮನೆಗಳ ಹೆಸರು ಹೀಗಾಗಿರುವುದು ನೋವಿನ ಸಂಗತಿ, ಆದರೆ ಇಪ್ಪತ್ತರ ಹುಡುಗ ಅದನ್ನು ದಾಟಿ ಹೋಗಲಿ ಎಂದು ಕಾಯುತ್ತ ಕೂರುವುದು ನ್ಯಾಯವಲ್ಲ. ಸೇವೆಯೇ ಅವನ ಗಲ್ಲಿಗೆ, ಅವನು ಕೆಮ್ಮು ನೆಗಡಿಗೆ ಹೋಗುವ ಬಾಗಿಲಿಗೇ ಬರಬೇಕು.

ಈ ವಯಸ್ಸಿನವರ ಮೇಲೇ ಏಕೆ ಇಷ್ಟು ಒತ್ತು ಎಂದು ಕೆಲವರು ಕೇಳುತ್ತಾರೆ. ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ರೊಳಗೆ, ಮುಕ್ಕಾಲು ಪಾಲು 24ರೊಳಗೆ ತಲೆ ಎತ್ತುತ್ತವೆ ಎಂಬುದು ಅಮೆರಿಕದ ದೊಡ್ಡ ಸಮೀಕ್ಷೆಯೊಂದರಿಂದ 2005ರಲ್ಲೇ ಗೊತ್ತಾದ ವಿಷಯ. ನಮ್ಮಲ್ಲಿ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಚಿಕಿತ್ಸೆ ಬೇಕಾದವರಲ್ಲಿ ಹೆಚ್ಚಿನವರಿಗೆ ಅದು ಸಿಕ್ಕಿರಲಿಲ್ಲ, ಕಾಯಿಲೆಯಿಂದ ಕಾಯಿಲೆಗೆ ಶೇ 70ರಿಂದ 90ರವರೆಗೂ ಈ ಕೊರತೆ ಇತ್ತು. ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಪೂರ್ತಿ ಇಲ್ಲ, 0.75 ಎಂಬುದು ಆಗಾಗ ಕೇಳಿಬರುವ ಲೆಕ್ಕ.

ತೆಲಂಗಾಣಕ್ಕೆ ಈ ಪಾಠ ಬಹಳ ಕ್ರೂರವಾಗಿ ಸಿಕ್ಕಿದೆ. 2019ರ ಏಪ್ರಿಲ್‌ನಲ್ಲಿ ಇಂಟರ್‌ಮೀಡಿಯೆಟ್ ಫಲಿತಾಂಶ ಬಂದಾಗ ಅಂಕಗಳಲ್ಲಿ ತಪ್ಪುಗಳು ತುಂಬಿದ್ದವು. ಸೊನ್ನೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ನಿಜವಾಗಿ ಬರಬೇಕಿದ್ದದ್ದು 99. ಆ ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಆಮೇಲೆ ಅನುತ್ತೀರ್ಣರಾದ ಎಲ್ಲರ ಉತ್ತರ ಪತ್ರಿಕೆಗಳನ್ನು ಉಚಿತವಾಗಿ ಮರುಪರಿಶೀಲಿಸುವ ಆದೇಶ ಬಂತು. ಅಂದಿನಿಂದ ಫಲಿತಾಂಶದ ದಿನ ಹತ್ತಿರವಾದರೆ ನಮ್ಮ ಗಲ್ಲಿಯ ತಾಯಂದಿರು ಮಕ್ಕಳನ್ನು ಒಂಟಿ ಬಿಡುವುದಿಲ್ಲ.

ನ್ಯಾಯಾಲಯವೂ ಮಾತಾಡಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ತರಬೇತಾದ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬೇಕು, ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚಿಗೆ ಹಾಕಬಾರದು, ಸಹಾಯವಾಣಿಯ ಸಂಖ್ಯೆ ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂಬುದು ಅದರಲ್ಲಿದೆ. ಇದನ್ನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಪ್ಯಾಕಿಂಗ್ ವಿಭಾಗದ ಹುಡುಗ ಯಾವ ಸಂಸ್ಥೆಯ ವಿದ್ಯಾರ್ಥಿ? ಕಾಲೇಜು ಬಿಟ್ಟವರು, ಫೇಲಾದವರು, ಓದು ಮುಗಿಸಿ ಕೆಲಸ ಹುಡುಕುತ್ತಿರುವವರು, ಬೈಕಿನ ಮೇಲೆ ಊಟದ ಪಾರ್ಸಲ್ ಹೊರುವವರು, ಹೊಲಿಗೆ ಘಟಕದ ಹುಡುಗಿಯರು, ಇವರಿಗೆ ಆಪ್ತಸಮಾಲೋಚಕರನ್ನು ಇಡಬೇಕಾದವರು ಯಾರು? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ವರದಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924. ಅವರಲ್ಲಿ ವಿದ್ಯಾರ್ಥಿಗಳು 13,044. ದಿನಗೂಲಿಯವರು ಒಟ್ಟು ಸಂಖ್ಯೆಯ ಕಾಲು ಭಾಗಕ್ಕಿಂತ ಹೆಚ್ಚು, 18ರಿಂದ 30ರ ವಯಸ್ಸಿನವರು ಸುಮಾರು ಮೂರನೇ ಒಂದು ಭಾಗ. ವಿದ್ಯಾರ್ಥಿಯ ಸಾವು ಮುಖಪುಟಕ್ಕೆ ಬರುತ್ತದೆ, ಬರಲೇಬೇಕು. ಅದೇ ವಯಸ್ಸಿನ ಕೂಲಿಕಾರ ಎಲ್ಲೋ ಒಳಪುಟದಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತಾನೆ. ಯುವಜನ ಎಂದರೆ ವಿದ್ಯಾರ್ಥಿ ಎಂದಷ್ಟೇ ಎಣಿಸಿ ಕಟ್ಟಿದ ಸೇವೆ ನಾಚಾರಂನ ಅರ್ಧ ಯುವಜನರನ್ನು ಹೊರಗೇ ಬಿಡುತ್ತದೆ.

ಊರ ಬಾಗಿಲಿಗೇ ಸೇವೆ ಒಯ್ಯುವುದು ಹೇಗೆ ಎಂಬುದನ್ನು ದೇಶಕ್ಕೆ ಕಲಿಸಿದ್ದು ಕನ್ನಡ ನೆಲ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನ ತಂಡ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೈಗೆ ಕೆಲವೇ ಅಗತ್ಯ ಔಷಧಗಳನ್ನು ಕೊಟ್ಟು, ಮಾನಸಿಕ ಕಾಯಿಲೆಗಳನ್ನು ಅಲ್ಲೇ ಗುರುತಿಸಿ ನೋಡಿಕೊಳ್ಳುವ ಏರ್ಪಾಟು ಅದು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ. ಇಂದು ದೇಶದ ಬಹುತೇಕ ಎಲ್ಲ ಜಿಲ್ಲೆಗಳಲ್ಲೂ ಆ ಕಾರ್ಯಕ್ರಮದ ಹೆಸರಿದೆ. ಕರ್ನಾಟಕದಲ್ಲಿ 2014ರಿಂದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ನಡೆಯುತ್ತಿದೆ. ಅದರ ಪಕ್ಕದಲ್ಲಿ ‘ಯುವ ಸ್ಪಂದನ’ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ನಿಮ್ಹಾನ್ಸ್ ಸೇರಿ ನಡೆಸುವ ಈ ಕಾರ್ಯಕ್ರಮ ನನಗೆ ಬಹಳ ಹಿಡಿಸಿದ್ದು ಒಂದು ಕಾರಣಕ್ಕೆ: ಅಲ್ಲಿ ಮಾತಾಡಿಸುವವರು ಬಿಳಿ ಕೋಟಿನವರಲ್ಲ, ಯುವ ಪರಿವರ್ತಕರು ಎಂಬ ಹೆಸರಿನ, ತರಬೇತಿ ಪಡೆದ ಸ್ಥಳೀಯ ಹುಡುಗ ಹುಡುಗಿಯರು. ಮಾತು ಕಾಯಿಲೆಯಿಂದ ಶುರುವಾಗುವುದಿಲ್ಲ. ಓದು, ಪ್ರೀತಿ, ಮನೆಯ ಜಗಳ, ಮುಂದಿನ ದಾರಿ ಇವುಗಳಿಂದ ಶುರುವಾಗುತ್ತದೆ. ನನ್ನ ಕೌಂಟರಿಗೆ ಬರುವವರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ತರಬೇತಿ ಪಡೆದ ಸಾಮಾನ್ಯರು ಇಂಥ ಕೆಲಸ ಮಾಡಬಲ್ಲರೇ ಎಂಬ ಅನುಮಾನಕ್ಕೂ ಉತ್ತರ ಸಿಕ್ಕಾಗಿದೆ. ಗೋವಾದ ಸಂಗತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರನ್ನು ಕೆಲವೇ ಭೇಟಿಗಳಲ್ಲಿ ಮಾತಿನ ಚಿಕಿತ್ಸೆಯಿಂದ ಗುಣಮುಖರಾಗಿಸಬಹುದು ಎಂದು ತೋರಿಸಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಮನೋವೈದ್ಯರು ಕಡಿಮೆ ಎಂಬ ಕಾರಣ ಹೇಳಿ ಕೈ ಕಟ್ಟಿ ಕೂರುವ ಅಗತ್ಯ ಇನ್ನಿಲ್ಲ.

ಹೈದರಾಬಾದಿಗೆ ಬಾಗಿಲುಗಳ ಕೊರತೆಯೂ ಇಲ್ಲ. 2018ರಿಂದ ಇಲ್ಲಿ ಬಸ್ತಿ ದವಾಖಾನೆಗಳಿವೆ. ಗಲ್ಲಿಯ ಸಮುದಾಯ ಭವನದಲ್ಲೋ ಸಣ್ಣ ಕಟ್ಟಡದಲ್ಲೋ ಒಬ್ಬ ವೈದ್ಯರು, ಒಬ್ಬ ನರ್ಸು, ಒಬ್ಬ ಸಹಾಯಕರು. ತಪಾಸಣೆ, ಔಷಧ, ರಕ್ತ ಪರೀಕ್ಷೆ ಎಲ್ಲ ಉಚಿತ. ಬಿ.ಪಿ., ಶುಗರ್ ಇರುವ ನಮ್ಮ ಓಣಿಯ ಹಿರಿಯರಿಗೆ ಇದರಿಂದ ಆಗಿರುವ ಉಪಕಾರ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ವ್ಯಾಪಾರ ಸ್ವಲ್ಪ ತಗ್ಗಿತು, ಅದು ಒಳ್ಳೆಯದೇ ಆಯಿತು. ಆದರೆ ದವಾಖಾನೆಯ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 4. ಹಗಲು ಪಾಳಿಯವನು ಹೊರಬರುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಕಾಲೇಜು ಬಿಟ್ಟು ಟ್ಯೂಷನ್ನಿಗೆ ಓಡುವ ಹುಡುಗಿಗೂ ಅಷ್ಟೇ.

ಕಾನೂನಿನಲ್ಲೂ ಒಂದು ಮೆಟ್ಟಿಲು ತಪ್ಪಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೊಡ್ಡ ಮನಸ್ಸಿನ ಕಾಯ್ದೆ. ಕೈಗೆಟಕುವ ವೆಚ್ಚದಲ್ಲಿ, ಹತ್ತಿರದಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಅದರ 18ನೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆ ಅಲ್ಲ, ಆರೈಕೆ ಕೊಡಬೇಕು ಎಂದು 115ನೇ ಸೆಕ್ಷನ್ ಹೇಳುತ್ತದೆ. ಆದರೆ ಅಗತ್ಯ ಮಾನಸಿಕ ಔಷಧಗಳು ಸದಾ ಉಚಿತವಾಗಿ ಸಿಗಬೇಕು ಎಂಬ ಮಾತು ಬಂದಾಗ ಅದು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಆಸ್ಪತ್ರೆಗಳಿಗೆ ಮಾತ್ರ ಎಂದು ನಿಲ್ಲುತ್ತದೆ. ಪ್ರಾಥಮಿಕ ಕೇಂದ್ರ, ಬಸ್ತಿ ದವಾಖಾನೆ ಆ ಗೆರೆಯ ಕೆಳಗೆ ಉಳಿದವು. ಹುಡುಗರು ನಡೆದು ಹೋಗಬಲ್ಲ ಬಾಗಿಲು ಅದೊಂದೇ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಒಂದು ಆದೇಶದಿಂದ ಅಲ್ಲಿಗೂ ಈ ಔಷಧ ಕಳಿಸಬಹುದು, ಕಾಯ್ದೆ ಅದಕ್ಕೆ ಅಡ್ಡ ಬರುವುದಿಲ್ಲ.

ಫೋನಿನ ಸೇವೆಯ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ಗೆ ನಿಮ್ಹಾನ್ಸ್ ಕೇಂದ್ರಸ್ಥಾನ. 14416 ಒತ್ತಿದರೆ ಹಗಲು ರಾತ್ರಿ ಯಾರಾದರೂ ಸಿಗುತ್ತಾರೆ, ಭಾಷೆ ಆರಿಸಿಕೊಳ್ಳಬಹುದು. ಈವರೆಗೆ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿವೆ. ಗುಳಿಗೆ ವಾಪಸ್ ತಂದ ಆ ಹುಡುಗನಿಗೆ ನಾನು ಹಚ್ಚಿ ಕೊಟ್ಟದ್ದು ಈ ಸಂಖ್ಯೆಯನ್ನೇ. ಆದರೆ ಎಲ್ಲಿ ಕೂತು ಮಾತಾಡುವುದು? ಖೋಲಿಯಲ್ಲಿ ಆರು ಜನ, ಗಲ್ಲಿಯಲ್ಲಿ ಗದ್ದಲ, ಕಾರ್ಖಾನೆಯಲ್ಲಿ ಫೋನಿಗೆ ಅವಕಾಶ ಇಲ್ಲ. ಅಂಗಡಿಯ ಹಿಂದೆ ಸ್ಟಾಕ್ ಇಡುವ ಸಣ್ಣ ಕೋಣೆಯಲ್ಲಿ, ಗ್ಲೂಕೋಸ್ ಪೆಟ್ಟಿಗೆಗಳ ಮೇಲೆ ಕೂಡಿಸಿ ಬಾಗಿಲು ಎಳೆದೆ. ಅವನು ಹೊರಬಂದಾಗ ಕಣ್ಣು ಕೆಂಪಾಗಿದ್ದವು, ಆದರೆ ದೀಪಾವಳಿಯ ನಂತರ ಮೊದಲ ಸಲ ಪೂರ್ತಿ ಮಾತಾಡಿದೆ ಅಂದ. ಆಮೇಲೆ ಅವನು ಕೆಲಸ ಬಿಟ್ಟು ಊರಿಗೆ ಹೋದ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಬರುವ ವೈದ್ಯರನ್ನು ಕಾಣುತ್ತಿದ್ದಾನೆ, ಈ ಸಲ ಔಷಧ ನಿಲ್ಲಿಸಿಲ್ಲ, ಚೇತರಿಸಿಕೊಂಡಿದ್ದಾನೆ. ನನಗೆ ಸಂತೋಷವಿದೆ. ಆದರೆ ಒಂದು ಕೋಟಿ ಜನರ ನಗರದಲ್ಲಿ ಸಿಗದ ನಿಯಮಿತ ಆರೈಕೆಗಾಗಿ ದುಡಿಮೆ ಬಿಟ್ಟು ಯಾದಗಿರಿ ಜಿಲ್ಲೆಯ ತಾಲ್ಲೂಕಿಗೆ ಹೋಗಬೇಕಾದದ್ದು ಈ ನಗರದ ಆಡಳಿತ ಯೋಚಿಸಬೇಕಾದ ಸಂಗತಿ.

ವಯಸ್ಸಿನ ಗೆರೆಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ 18ರವರೆಗೆ ಮಕ್ಕಳ ವಿಭಾಗ, ಆಮೇಲೆ ದೊಡ್ಡವರ ವಿಭಾಗ. 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19ರವರಿಗೆ. ಹದಿನೇಳರಲ್ಲಿ ತೊಂದರೆ ಶುರುವಾದ ಹುಡುಗಿ ಒಂದೆರಡು ವರ್ಷದಲ್ಲಿ ಹಳೆಯ ವೈದ್ಯರನ್ನು ಬಿಟ್ಟು, ಐವತ್ತರವರ ನಡುವೆ ಹೊಸ ಸಾಲಿನಲ್ಲಿ ನಿಲ್ಲಬೇಕು. ಆಸ್ಟ್ರೇಲಿಯಾ 2006ರಲ್ಲಿ ಹೆಡ್‌ಸ್ಪೇಸ್ ಎಂಬ ಹೆಸರಿನಲ್ಲಿ 12ರಿಂದ 25ರವರಿಗೆಂದೇ ಬೇರೆ ಕೇಂದ್ರಗಳ ವ್ಯವಸ್ಥೆಯನ್ನು ಶುರು ಮಾಡಿತು. ಅಷ್ಟು ಹಣ ನಮ್ಮಲ್ಲಿಲ್ಲ, ಆದರೆ 25ರವರೆಗೆ ಒಂದೇ ಚೀಟಿ, ಒಬ್ಬರೇ ಸಮಾಲೋಚಕರು ಎಂಬ ನಿಯಮಕ್ಕೆ ಹೆಚ್ಚು ಹಣ ಬೇಕಿಲ್ಲ.

ನಾನು ಕೇಳುತ್ತಿರುವುದು ಹೊಸ ಆಸ್ಪತ್ರೆಯನ್ನಲ್ಲ. ನಾಚಾರಂ, ಮಲ್ಲಾಪುರ, ಹಬ್ಸಿಗುಡಾ ಸುತ್ತಿನ ಬಸ್ತಿ ದವಾಖಾನೆಗಳಲ್ಲಿ ಒಂದನ್ನು ವಾರದಲ್ಲಿ ಎರಡು ಸಂಜೆ, 5ರಿಂದ 9ರವರೆಗೆ ಯುವಜನರಿಗಾಗಿ ತೆರೆದಿಡಲಿ. ಅಲ್ಲಿ ತರಬೇತಾದ ಒಬ್ಬ ಸಮಾಲೋಚಕ, ಒಬ್ಬ ಸಮಾಲೋಚಕಿ ಇರಲಿ, ತೆಲುಗಿನ ಜೊತೆ ಹಿಂದಿಯೋ ಕನ್ನಡವೋ ಬಲ್ಲವರಾದರೆ ಇನ್ನೂ ಒಳ್ಳೆಯದು. ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಇರಲಿ. ಔಷಧ ಬೇಕಾದವರಿಗೆ ಟೆಲಿ ಮಾನಸ್‌ನ ಮನೋವೈದ್ಯರು ವಿಡಿಯೊದಲ್ಲಿ ನೋಡಿ ಬರೆಯಲಿ, ಗುಳಿಗೆ ಅಲ್ಲೇ ಸಿಗಲಿ. ಔಷಧ ಶುರು ಮಾಡಿದವರಿಗೆ ಮೂರನೆಯ, ಏಳನೆಯ, ಹದಿನಾಲ್ಕನೆಯ ದಿನ ಅದೇ ಸಮಾಲೋಚಕರಿಂದ ಫೋನ್ ಹೋಗಲಿ. ಬೋರ್ಡಿನ ಮೇಲೆ ಕಾಯಿಲೆಯ ಹೆಸರು ಬೇಡ. ಕಾರ್ಖಾನೆಗಳ ನಡುವೆಯೇ ಇರುವ ಇಎಸ್‌ಐ ಆಸ್ಪತ್ರೆಯಲ್ಲೂ ಇಂಥದೊಂದು ಸಂಜೆ ನಡೆದರೆ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ ವಿಮಾದಾರ ಕಾರ್ಮಿಕರಿಗೆ ಅನುಕೂಲ. ಗುತ್ತಿಗೆದಾರರು ಹುಡುಗರ ಹೆಸರನ್ನು ಇಎಸ್‌ಐಗೆ ಹಚ್ಚಿದ್ದಾರೆಯೇ ಎಂದು ಕಾರ್ಮಿಕ ಇಲಾಖೆ ನೋಡಬೇಕು, ಕಾರ್ಡೇ ಇಲ್ಲದವರು ಬಹಳ ಮಂದಿ ಇದ್ದಾರೆ.

ನಮ್ಮ ವೃತ್ತಿಯವರನ್ನೂ ಇದರಲ್ಲಿ ಸೇರಿಸಿಕೊಳ್ಳಿ. ಮಾನಸಿಕ ತೊಂದರೆಯ ಹುಡುಗ ಮೊದಲು ಬರುವುದು ವೈದ್ಯರ ಬಳಿಗಲ್ಲ, ಔಷಧ ಅಂಗಡಿಗೆ. ಯಾರನ್ನು ಹೇಗೆ ಮಾತಾಡಿಸಬೇಕು, ಯಾವ ಮಾತು ಕೇಳಿದರೆ ತಕ್ಷಣ ಎಲ್ಲಿಗೆ ಕಳಿಸಬೇಕು ಎಂದು ಫಾರ್ಮಸಿಸ್ಟರಿಗೆ ಒಂದು ದಿನದ ತರಬೇತಿ ಕೊಡಿ. ಕಳಿಸಲು ಒಂದು ವಿಳಾಸವನ್ನೂ ಕೊಡಿ. ಬೆಂಗಳೂರು, ಕಲಬುರಗಿ, ಹುಬ್ಬಳ್ಳಿಯಲ್ಲಿರುವ ಕರ್ನಾಟಕ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿಗೂ ಈ ಸಂಜೆಯ ಸೇವೆಯ ಮಾತು ಅನ್ವಯಿಸುತ್ತದೆ.

ತೆಲಂಗಾಣದ ಆರೋಗ್ಯ ಇಲಾಖೆ ಮತ್ತು ನಗರಪಾಲಿಕೆ ಇದನ್ನು ನಾಚಾರಂನ ಒಂದೇ ದವಾಖಾನೆಯಲ್ಲಿ ಆರು ತಿಂಗಳು ನಡೆಸಿ ನೋಡಲಿ. ಎಷ್ಟು ಜನ ಬಂದರು ಎಂಬುದಕ್ಕಿಂತ, ಬಂದವರಲ್ಲಿ ಎಷ್ಟು ಜನ ಎರಡನೆಯ ಸಲ ಬಂದರು ಎಂಬುದನ್ನು ಲೆಕ್ಕ ಇಡಲಿ.

ಅಲ್ಲಿಯವರೆಗೆ, ಇದನ್ನು ಓದುತ್ತಿರುವ ನೀವು ಅಥವಾ ನಿಮ್ಮ ಮನೆಯ ಯಾರಾದರೂ ವಾರಗಟ್ಟಲೆ ನಿದ್ದೆಯಿಲ್ಲದೆ ಒಳಗೇ ಕೊರಗುತ್ತಿದ್ದರೆ, ಬದುಕು ಸಾಕೆನಿಸುತ್ತಿದ್ದರೆ, ಇಂದೇ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ, ದಿನದ 24 ಗಂಟೆಯೂ ಆ ಸೇವೆ ಇರುತ್ತದೆ.